ಎರಡು ಆಂಡ್ರಾಯ್ಡ್ ಫೋನ್‌ಗಳಲ್ಲಿ ಯಾವುದು? ಕಾಸರಗೋಡಿನ ಮನೆಗಳಿಗೊಂದು ಮಾರ್ಗದರ್ಶಿ

ಹೊಸ ಫೋನ್ ತೆಗೆಯಬೇಕು ಅಂತ ಮನೆಯಲ್ಲಿ ಮಾತು ಬಂದ ಕೂಡಲೇ ಎಲ್ಲರೂ ಯೂಟ್ಯೂಬ್ ತೆರೆಯುತ್ತಾರೆ. ಅಲ್ಲಿ ಫೋನಿನ ಬಗ್ಗೆ ಹೇಳುವವರು ಹೆಚ್ಚಾಗಿ ದೊಡ್ಡ ಊರಿನವರು. ಅವರ ಮನೆಯಲ್ಲಿ ರೇಂಜಿನ ಚಿಂತೆ ಇಲ್ಲ. ಫೋನ್ ಕೈಗೆ ಬಂದು ಒಂದೆರಡು ವಾರ ಆಗಿರುತ್ತದೆ, ಅಷ್ಟರಲ್ಲಿ ಮುಂದಿನ ಫೋನ್ ಬಂದಿರುತ್ತದೆ. ನಮ್ಮ ಕಥೆ ಬೇರೆ. ಎಣ್ಮಕಜೆಯ ಗುಡ್ಡೆ ಬದಿಯಲ್ಲೋ ಮುಳ್ಳೇರಿಯದ ಒಳಗಡೆಯೋ ಮನೆ. ಮುರಕಲ್ಲಿನ ಗೋಡೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಮಳೆಯ ಜೊತೆಗೆ ಹೋಗುವ ಕರೆಂಟು. ಫೋನಿನೊಳಗೆ ಒಂದು ಕೇರಳದ ಸಿಮ್, ಒಂದು ಕರ್ನಾಟಕದ ಸಿಮ್. ಒಮ್ಮೆ ತೆಗೆದ ಫೋನ್ ನಾಲ್ಕೈದು ವರ್ಷವಾದರೂ ಬರಬೇಕು.

ಹಾಗಾಗಿ ನನ್ನ ಸಲಹೆ ಇಷ್ಟೇ. ಎರಡು ಫೋನ್ ಹೋಲಿಸುವಾಗ ಡಬ್ಬದ ಮೇಲಿನ ಅಂಕಿಗಳನ್ನು ಎರಡನೇ ಸಾಲಿಗೆ ತಳ್ಳಿ. ಮೊದಲ ಸಾಲಿನಲ್ಲಿ ನಿಮ್ಮ ಆಸುಪಾಸಿನಲ್ಲಿ ಆ ಫೋನನ್ನು ಒಂದೆರಡು ವರ್ಷ ಬಳಸಿದವರ ಮಾತು ಇರಲಿ, ನಿಮ್ಮ ಮನೆಯೊಳಗೇ ಮಾಡಿದ ಪರೀಕ್ಷೆ ಇರಲಿ. ಅದನ್ನು ಮಾಡುವುದು ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ.

ಹೆಜ್ಜೆ 1: ಮೊದಲು ಎರಡಕ್ಕೆ ಇಳಿಸಿ

ಹತ್ತು ಫೋನ್ ಹೋಲಿಸಲು ಹೊರಟರೆ ತಲೆ ಕೆಡುತ್ತದೆ, ಕೊನೆಗೆ ಅಂಗಡಿಯವರು ತೋರಿಸಿದ್ದನ್ನೇ ತರುತ್ತೇವೆ. ಬಜೆಟ್ ಎಷ್ಟು ಅಂತ ಮೊದಲೇ ನಿರ್ಧರಿಸಿ. ಆ ಬೆಲೆಗೆ ಸಿಗುವ ಎರಡು, ಜಾಸ್ತಿ ಅಂದರೆ ಮೂರು ಮಾಡೆಲ್ ಬರೆದಿಟ್ಟುಕೊಳ್ಳಿ. ಹೆಸರು ಪೂರ್ತಿ ಬರೆಯಿರಿ. ಹೆಸರಿನ ಕೊನೆಯಲ್ಲಿ ಪ್ರೊ, ಪ್ಲಸ್, 5ಜಿ ಅಂತ ಒಂದು ಪದ ಬದಲಾದರೂ ಒಳಗಿನ ಚಿಪ್, ಕ್ಯಾಮೆರಾ, ಡಿಸ್‌ಪ್ಲೇ ಎಲ್ಲ ಬೇರೆಯಾಗಿರಬಹುದು.

ಬೇರೆ ಬೇರೆ ಹೆಸರು ಇದ್ದ ಮಾತ್ರಕ್ಕೆ ಬೇರೆ ಬೇರೆ ಮನೆತನದ ಫೋನ್ ಆಗಬೇಕಿಲ್ಲ. ರೆಡ್ಮಿ, ಪೊಕೊ ಎರಡೂ ಶಿಯೋಮಿಯವು. ಐಕ್ಯೂ ವಿವೋದ್ದು. ಇಂಥ ಜೋಡಿ ನಿಮ್ಮ ಪಟ್ಟಿಯಲ್ಲಿದ್ದರೆ ಒಳಗಿನ ಸಾಫ್ಟ್‌ವೇರ್ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಅಲ್ಲಿ ನೋಡಬೇಕಾದದ್ದು ಬೆಲೆ, ಬ್ಯಾಟರಿ ಮತ್ತು ಅಪ್‌ಡೇಟ್ ಎಷ್ಟು ವರ್ಷ ಅನ್ನುವುದು.

ಬೆಲೆಯ ವಿಷಯದಲ್ಲಿ ನಮ್ಮ ಕಡೆ ಇನ್ನೂ ಕೇಳಿಬರುವ ಮಾತು ಒಂದಿದೆ: ತಲಪಾಡಿ ದಾಟಿ ಮಂಗಳೂರಿನಲ್ಲಿ ತೆಗೆದರೆ ತೆರಿಗೆ ಕಡಿಮೆ ಅಂತ. ಒಂದು ಕಾಲದಲ್ಲಿ ಅದರಲ್ಲಿ ನಿಜ ಇತ್ತು. 2019ರ ಆಗಸ್ಟ್‌ನಿಂದ 2021ರ ಜುಲೈವರೆಗೆ ಕೇರಳದಲ್ಲಿ ಶೇಕಡಾ 1ರ ಪ್ರವಾಹ ಸೆಸ್ ಇತ್ತು. ಅದು ನಿಂತುಹೋಗಿದೆ. 2020ರ ಏಪ್ರಿಲ್‌ನಿಂದ ಫೋನಿನ ಜಿಎಸ್‌ಟಿ ಎರಡೂ ಕಡೆ ಶೇಕಡಾ 18. ಮಂಗಳೂರಿಗೆ ಹೋಗುವುದಾದರೆ ಆಫರ್‌ಗಾಗಿ ಹೋಗಿ, ತೆರಿಗೆಗಾಗಿ ಬೇಡ. ಓಣಂ ಹೊತ್ತಿಗೆ ಈ ಕಡೆ, ದೀಪಾವಳಿ ಹೊತ್ತಿಗೆ ಆ ಕಡೆ ಆಫರ್ ಸಿಗುವುದು ಗಡಿಯಲ್ಲಿರುವ ನಮಗೆ ಲಾಭವೇ.

ಹೆಜ್ಜೆ 2: ಬಳಸಿದವರನ್ನು ಹುಡುಕಿ, ಸರಿಯಾದ ಪ್ರಶ್ನೆ ಕೇಳಿ

ಇದೇ ಮುಖ್ಯ ಹೆಜ್ಜೆ. ನೀವು ನೋಡುತ್ತಿರುವ ಮಾಡೆಲ್ ಹೊಸದಾಗಿದ್ದರೆ ಅದರ ಹಿಂದಿನ ವರ್ಷದ ಮಾಡೆಲ್ ಬಳಸುವವರು ಸಿಕ್ಕರೂ ಸಾಕು. ಮದುವೆ ಮನೆ, ಸೊಸೈಟಿ ಆಫೀಸು, ಬದಿಯಡ್ಕದ ಬಸ್‌ಸ್ಟ್ಯಾಂಡ್, ಎಲ್ಲಿ ಬೇಕಾದರೂ ಕೇಳಬಹುದು. ಫೋನಿನ ಬಗ್ಗೆ ಕೇಳಿದರೆ ಬೇಸರ ಮಾಡಿಕೊಳ್ಳುವವರು ಕಡಿಮೆ.

ಆದರೆ "ಭಾವ, ಫೋನ್ ಹೇಗುಂಟು?" ಅಂತ ಕೇಳಿದರೆ "ತೊಂದರೆ ಇಲ್ಲ" ಅನ್ನುವ ಉತ್ತರ ಬರುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ. ಹಣ ಕೊಟ್ಟು ತೆಗೆದ ವಸ್ತುವನ್ನು ಯಾರೂ ಸುಲಭಕ್ಕೆ ದೂರುವುದಿಲ್ಲ. ಹಾಗಾಗಿ ಪ್ರಶ್ನೆಯನ್ನು ಸಣ್ಣದು ಮಾಡಿ ಕೇಳಬೇಕು.

"ಬೆಳಿಗ್ಗೆ ಚಾರ್ಜರ್ ತೆಗೆದರೆ ಮತ್ತೆ ಎಷ್ಟು ಗಂಟೆಗೆ ಹಾಕುತ್ತೀರಿ? ತೆಗೆದ ಹೊಸದರಲ್ಲಿ ಎಷ್ಟು ಗಂಟೆಗೆ ಹಾಕುತ್ತಿದ್ದಿರಿ?" ಈ ಎರಡು ಉತ್ತರಗಳ ನಡುವಿನ ಅಂತರವೇ ಬ್ಯಾಟರಿ ಎಷ್ಟು ಸವೆದಿದೆ ಅನ್ನುವ ಲೆಕ್ಕ. "ಕೊನೆಯ ಅಪ್‌ಡೇಟ್ ಯಾವಾಗ ಬಂತು? ಅದಾದ ಮೇಲೆ ಏನಾದರೂ ಬದಲಾಯಿತಾ?" ಅಪ್‌ಡೇಟ್ ಆದ ಮೇಲೆ ನಿಧಾನ ಆಯಿತು, ಬಿಸಿ ಆಗುತ್ತದೆ ಅಂತ ಒಬ್ಬರಿಗಿಂತ ಹೆಚ್ಚು ಜನ ಹೇಳಿದರೆ ಅದನ್ನು ಬರೆದಿಟ್ಟುಕೊಳ್ಳಿ. "ಮಾತಾಡುವಾಗ ಕಿವಿಗೆ ಹಿಡಿದರೆ ಸ್ಕ್ರೀನ್ ತಾನಾಗಿ ಆರುತ್ತದಾ?" ಇದು ತೀರಾ ಸಣ್ಣ ವಿಷಯ ಅನ್ನಿಸಬಹುದು. ಕೆಲವು ಅಗ್ಗದ ಫೋನ್‌ಗಳಲ್ಲಿ ಇದಕ್ಕೆ ಪ್ರತ್ಯೇಕ ಸೆನ್ಸರ್ ಇರುವುದಿಲ್ಲ, ಸಾಫ್ಟ್‌ವೇರ್ ಅಂದಾಜಿನಲ್ಲಿ ಆರಿಸುತ್ತದೆ. ಆಗ ಮಾತಿನ ನಡುವೆ ಕೆನ್ನೆ ತಾಗಿ ಕಾಲ್ ಮ್ಯೂಟ್ ಆಗುವುದು, ಕಟ್ ಆಗುವುದು ಶುರುವಾಗುತ್ತದೆ.

"ರಿಪೇರಿಗೆ ಕೊಟ್ಟದ್ದುಂಟಾ? ಎಲ್ಲಿ ಕೊಟ್ಟಿರಿ, ಎಷ್ಟು ದಿನ ಇಟ್ಟುಕೊಂಡರು?" ಕೊನೆಗೆ ಇನ್ನೊಂದು: "ಇದು ಬಿದ್ದು ಹೋದರೆ ಮತ್ತೆ ಇದೇ ಕಂಪನಿಯದ್ದು ತೆಗೆಯುತ್ತೀರಾ?" ಈ ಪ್ರಶ್ನೆಗೆ ಉತ್ತರ ಕೊಡುವ ಮೊದಲು ಅವರು ಎಷ್ಟು ಹೊತ್ತು ಯೋಚಿಸುತ್ತಾರೆ ಅಂತ ನೋಡಿ. ಕೂಡಲೇ ಹೌದು ಅಂದರೆ ಅದು ದೊಡ್ಡ ಅಂಕ.

ಅವರ ಫೋನ್ ಕೈಗೆ ಸಿಕ್ಕರೆ ಐದು ನಿಮಿಷ ನೋಡಿ. ಚಾರ್ಜ್ ಹಾಕುವ ತೂತು ಸಡಿಲ ಆಗಿದೆಯಾ? ಪವರ್ ಬಟನ್ ಒಳಗೆ ಹೋಗಿದೆಯಾ? ಕ್ಯಾಮೆರಾ ಗಾಜಿನ ಒಳಗೆ ಮಂಜಿನಂತೆ ತೇವ ಕಟ್ಟಿದೆಯಾ? ಸ್ಕ್ರೀನ್ ಮೇಲೆ ಹಸಿರು ಅಥವಾ ಗುಲಾಬಿ ಗೆರೆ ಬಂದಿದೆಯಾ? ಅಮೊಲೆಡ್ ಡಿಸ್‌ಪ್ಲೇಯ ಕೆಲವು ಫೋನ್‌ಗಳಲ್ಲಿ ಬೀಳದೆಯೂ ಇಂಥ ಗೆರೆ ಬರುವುದುಂಟು. ಇದೆಲ್ಲ ಹೊಸ ಫೋನಿನ ವಿಮರ್ಶೆಯಲ್ಲಿ ಎಂದಿಗೂ ಕಾಣುವುದಿಲ್ಲ.

ಹೆಜ್ಜೆ 3: ರೇಂಜ್ ಪರೀಕ್ಷೆ ನಿಮ್ಮ ಮನೆಯಲ್ಲೇ

ನಮ್ಮಲ್ಲಿ ಒಂದು ಫೋನ್ ಇನ್ನೊಂದಕ್ಕಿಂತ ಒಳ್ಳೆಯದು ಅಂತ ತೀರ್ಮಾನವಾಗುವುದು ಇಲ್ಲೇ. ಪರೀಕ್ಷೆ ಸರಳ. ಎರಡೂ ಮಾಡೆಲ್ ಇರುವವರು, ನೆಂಟರೋ ನೆರೆಯವರೋ, ಮನೆಗೆ ಬಂದಾಗ ನಿಮ್ಮ ಸಿಮ್ಮನ್ನು ಮೊದಲು ಒಂದಕ್ಕೆ ಹಾಕಿ, ಆಮೇಲೆ ಇನ್ನೊಂದಕ್ಕೆ. ಮನೆಯಲ್ಲಿ ರೇಂಜ್ ಕಡಿಮೆ ಇರುವ ಜಾಗ ಎಲ್ಲರಿಗೂ ಗೊತ್ತಿರುತ್ತದೆ. ಅಡುಗೆಮನೆಯ ಮೂಲೆಯೋ ನಡುವಿನ ಕೋಣೆಯೋ, ಅಲ್ಲೇ ನಿಂತು ನೋಡಿ.

ಮೇಲಿನ ಕಡ್ಡಿಗಳನ್ನು ನಂಬಬೇಡಿ. ಒಂದು ಕಂಪನಿಯ ಮೂರು ಕಡ್ಡಿ ಇನ್ನೊಂದು ಕಂಪನಿಯಲ್ಲಿ ಎರಡು ಇರಬಹುದು. ಸೆಟ್ಟಿಂಗ್ಸ್‌ನಲ್ಲಿ 'ಫೋನ್ ಕುರಿತು' ಅನ್ನುವಲ್ಲಿ ಸಿಮ್ ಸ್ಥಿತಿ ಅಂತ ಇರುತ್ತದೆ. ಅಲ್ಲಿ ಸಿಗ್ನಲ್ ಎಷ್ಟು ಅಂತ ಡಿಬಿಎಂ ಲೆಕ್ಕದಲ್ಲಿ, ಮೈನಸ್ ಗುರುತಿನ ಜೊತೆಗೆ, ಬರೆದಿರುತ್ತದೆ. 4ಜಿಯಲ್ಲಿ ಮೈನಸ್ 90ರ ಆಸುಪಾಸು ಅಂದರೆ ಒಳ್ಳೆಯ ರೇಂಜ್. ಮೈನಸ್ 110 ಅಂದರೆ ದುರ್ಬಲ. ಮೈನಸ್ 120 ಅಂದರೆ ಈಗ ಹೋಗುತ್ತದೆ, ಈಗ ಬರುತ್ತದೆ ಅನ್ನುವ ಸ್ಥಿತಿ. ಈ ಲೆಕ್ಕದಲ್ಲಿ ಮೂರು ಅಂಕಿ ಕಡಿಮೆ ಆದರೆ ಸಿಗ್ನಲಿನ ಶಕ್ತಿ ಅರ್ಧ, ಆರು ಕಡಿಮೆ ಆದರೆ ಕಾಲು ಭಾಗ. ಒಂದೇ ಜಾಗ, ಒಂದೇ ಸಿಮ್, ಎರಡು ಫೋನಿನಲ್ಲಿ ಆರೇಳು ಅಂಕಿ ವ್ಯತ್ಯಾಸ ಕಂಡರೆ ಅದು ಸಣ್ಣದಲ್ಲ. ಆದರೂ ಅಂಕಿ ಒಂದನ್ನೇ ನೋಡಿ ತೀರ್ಪು ಕೊಡಬೇಡಿ, ಎಲ್ಲ ಫೋನೂ ಒಂದೇ ಥರ ಅಳೆಯುವುದಿಲ್ಲ. ಅದೇ ಜಾಗದಿಂದ ಒಂದು ಕಾಲ್ ಮಾಡಿ. ಎದುರಿನವರಿಗೆ ನಿಮ್ಮ ಮಾತು ತುಂಡಾಗದೆ ಕೇಳುತ್ತದಾ ಅಂತ ವಿಚಾರಿಸಿ.

ಬ್ಯಾಟರಿಗೂ ಇದಕ್ಕೂ ಸಂಬಂಧ ಇದೆ. ರೇಂಜ್ ಕಡಿಮೆ ಇದ್ದಷ್ಟೂ ಫೋನ್ ಟವರಿಗೆ ತಲುಪಲು ಜಾಸ್ತಿ ಶಕ್ತಿ ಹಾಕುತ್ತದೆ, ಮತ್ತೆ ಮತ್ತೆ ಹುಡುಕುತ್ತದೆ. ಮಂಗಳೂರಿನಲ್ಲಿರುವ ತಂಗಿಯ ಫೋನ್ ಎರಡು ದಿನ ಬಂದು, ಅದೇ ಮಾಡೆಲ್ ಪೆರ್ಲದ ಒಳಗಿನ ಮನೆಯಲ್ಲಿ ಸಂಜೆಗೇ ಕೆಂಪು ತೋರಿಸಿದರೆ ಬ್ಯಾಟರಿ ಕೆಟ್ಟಿದೆ ಅಂದುಕೊಳ್ಳಬೇಕಾಗಿಲ್ಲ. ನಿಮ್ಮ ಮನೆಯಲ್ಲಿ 5ಜಿ ಬಂದು ಬಂದು ಹೋಗುವುದಾದರೆ ಸೆಟ್ಟಿಂಗ್ಸ್‌ನಲ್ಲಿ 4ಜಿಗೆ ಇಳಿಸಿಟ್ಟು ನೋಡಿ. ಮನೆಗೆ ಫೈಬರ್ ನೆಟ್ ಇದ್ದರೆ ವೈಫೈ ಕಾಲಿಂಗ್ ಆನ್ ಮಾಡಿ. ಆಗ ಕಾಲ್ ವೈಫೈ ಮೂಲಕ ಹೋಗುತ್ತದೆ, ಮುರಕಲ್ಲಿನ ಗೋಡೆ ಅಡ್ಡ ಬರುವುದಿಲ್ಲ. ಈ ಸೌಲಭ್ಯ ನಿಮ್ಮ ಸಿಮ್‌ಗೆ ಆ ಮಾಡೆಲ್‌ನಲ್ಲಿ ಉಂಟಾ ಅಂತ ಮೊದಲೇ ಕೇಳಿ.

ಬ್ಯಾಂಡ್, ಅಂದರೆ ಸಿಗ್ನಲ್ ಬರುವ ಅಲೆಗಳ ಗುಂಪು, ಅನ್ನುವುದನ್ನೂ ಒಮ್ಮೆ ನೋಡಬೇಕು. ಕಂಪನಿಯ ವೆಬ್‌ಸೈಟಿನಲ್ಲಿ ಪ್ರತಿ ಮಾಡೆಲ್‌ನ ಬ್ಯಾಂಡ್ ಪಟ್ಟಿ ಇರುತ್ತದೆ. ಜಿಯೋದ 4ಜಿ ನಡೆಯುವುದು 3, 5, 40ನೇ ಬ್ಯಾಂಡ್‌ಗಳಲ್ಲಿ. ಒಳನಾಡಿನಲ್ಲಿ ಬಿಎಸ್‌ಎನ್‌ಎಲ್ ನಂಬಿಕೊಂಡವರು 4ಜಿ ಪಟ್ಟಿಯಲ್ಲಿ 28ನೇ ಬ್ಯಾಂಡ್ ಇದೆಯಾ ಅಂತ ಖಂಡಿತ ನೋಡಿ. ಅದು 700 ಮೆಗಾಹರ್ಟ್ಸ್‌ನದ್ದು. ಇಷ್ಟು ಕೆಳಗಿನ ಅಲೆಗಳು ದೂರ ಹೋಗುತ್ತವೆ, ಗೋಡೆಯೊಳಗೂ ಚೆನ್ನಾಗಿ ಬರುತ್ತವೆ. ಕೆಲವು ಫೋನ್‌ಗಳಲ್ಲಿ 5ಜಿ ಪಟ್ಟಿಯಲ್ಲಿ 28 ಇರುತ್ತದೆ, 4ಜಿ ಪಟ್ಟಿಯಲ್ಲಿ ಇರುವುದಿಲ್ಲ. ಎರಡೂ ಬೇರೆ ಬೇರೆ.

ಹೆಜ್ಜೆ 4: ಎರಡು ಸಿಮ್, ಎರಡು ರಾಜ್ಯ

ಗಡಿಯ ಹತ್ತಿರ ಇರುವವರ ಫೋನ್ ಕೆಲವೊಮ್ಮೆ ಆಚೆ ರಾಜ್ಯದ ಟವರ್ ಹಿಡಿಯುತ್ತದೆ. ತಲಪಾಡಿ, ಪೆರ್ಲ, ದೇಲಂಪಾಡಿ ಕಡೆಯವರಿಗೆ ಇದು ದಿನದ ಅನುಭವ. ಆಗ ಕಾಲ್ ಹೋಗುತ್ತದೆ, ನೆಟ್ ಮಾತ್ರ ನಿಲ್ಲುತ್ತದೆ. ಫೋನೇ ಸರಿಯಿಲ್ಲ ಅಂತ ಅಂಗಡಿಗೆ ಒಯ್ಯುವವರಿದ್ದಾರೆ. ಹೆಚ್ಚಾಗಿ ಕಾರಣ ಇಷ್ಟೇ: ಡೇಟಾ ರೋಮಿಂಗ್ ಆಫ್ ಇರುತ್ತದೆ. ಸಿಮ್ ಸೆಟ್ಟಿಂಗ್ಸ್‌ಗೆ ಹೋಗಿ ಆನ್ ಮಾಡಿ. ಭಾರತದೊಳಗೆ ಈಗಿನ ಸಾಮಾನ್ಯ ಪ್ಲಾನ್‌ಗಳಲ್ಲಿ ಇದಕ್ಕೆ ಬೇರೆ ಹಣ ಇಲ್ಲ. ಹೊರದೇಶಕ್ಕೆ ಹೋಗುವಾಗ ಮಾತ್ರ ನೆನಪಿಟ್ಟು ಆಫ್ ಮಾಡಿ.

ಇನ್ನು ಸಿಮ್ ಟ್ರೇ. ಕೆಲವು ಫೋನ್‌ಗಳಲ್ಲಿ ಎರಡು ಸಿಮ್‌ಗೂ ಮೆಮೊರಿ ಕಾರ್ಡಿಗೂ ಬೇರೆ ಬೇರೆ ಜಾಗ. ಕೆಲವುದರಲ್ಲಿ ಎರಡನೇ ಸಿಮ್ ಅಥವಾ ಮೆಮೊರಿ ಕಾರ್ಡ್, ಯಾವುದಾದರೂ ಒಂದು ಮಾತ್ರ. ಕೆಲವುದರಲ್ಲಿ ಕಾರ್ಡಿಗೆ ಜಾಗವೇ ಇಲ್ಲ. ಎರಡು ಸಿಮ್ ಬಿಡಲಾಗದ ನಮ್ಮಂಥವರು ಮೆಮೊರಿ ಕಾರ್ಡ್ ಇಲ್ಲ ಅಂದುಕೊಂಡೇ ಲೆಕ್ಕ ಹಾಕಬೇಕು. 128 ಜಿಬಿ ಅಂದರೆ ಕಡಿಮೆ ಪ್ರಮಾಣ ಅಂತ ಇಟ್ಟುಕೊಳ್ಳಿ, ಸಾಧ್ಯವಾದರೆ 256. ಕುಟುಂಬದ ವಾಟ್ಸಾಪ್ ಗುಂಪುಗಳ ವಿಡಿಯೋ ಎಷ್ಟು ಜಾಗ ತಿನ್ನುತ್ತದೆ ಅಂತ ಈಗಿನ ಫೋನಿನಲ್ಲೇ ನೋಡಿದರೆ ಅಂದಾಜು ಸಿಗುತ್ತದೆ. ವಾಟ್ಸಾಪಿನ ಬ್ಯಾಕಪ್ ಕೂಡ ಈಗ ಗೂಗಲ್ ಖಾತೆಯ 15 ಜಿಬಿಯೊಳಗೇ ಲೆಕ್ಕಕ್ಕೆ ಬರುತ್ತದೆ.

ಸ್ಟೋರೇಜ್ ಎಷ್ಟು ಅನ್ನುವುದರ ಜೊತೆಗೆ ಯಾವ ಜಾತಿಯದ್ದು ಅಂತಲೂ ನೋಡಿ. ಇಎಂಎಂಸಿ ಅಂತಿದ್ದರೆ ಬಿಡಿ, ಒಂದೆರಡು ವರ್ಷಕ್ಕೆ ಹ್ಯಾಂಗ್ ಆಗುವ ದೂರು ಬರುವುದು ಹೆಚ್ಚಾಗಿ ಇಂಥ ಫೋನ್‌ಗಳಲ್ಲಿ. ಯುಎಫ್‌ಎಸ್ ಅಂತಿರಲಿ. ವರ್ಚುವಲ್ ರ‍್ಯಾಮ್ ಅಂತ ಜಾಹೀರಾತಿನಲ್ಲಿ ಸೇರಿಸಿ ಹೇಳುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಅದು ಸ್ಟೋರೇಜಿನ ಒಂದು ತುಂಡು ಅಷ್ಟೇ.

ಹೆಜ್ಜೆ 5: ಕರೆಂಟ್ ಇಲ್ಲದ ದಿನದ ಲೆಕ್ಕ

ಇಷ್ಟು ವ್ಯಾಟ್, ಇಷ್ಟು ನಿಮಿಷದಲ್ಲಿ ಫುಲ್ ಅಂತ ಎಲ್ಲರೂ ಹೇಳುತ್ತಾರೆ. ಆ ವೇಗ ಸಿಗುವುದು ಬಹಳ ಫೋನ್‌ಗಳಲ್ಲಿ ಆ ಕಂಪನಿಯದ್ದೇ ಚಾರ್ಜರ್, ಅದರದ್ದೇ ಕೇಬಲ್ ಇದ್ದರೆ ಮಾತ್ರ. ಆಷಾಢದ ಮಳೆಗೆ ಕಂಬ ಬಿದ್ದು ಕರೆಂಟ್ ಹೋದಾಗ ನಾವು ಹಿಡಿಯುವುದು ಪವರ್‌ಬ್ಯಾಂಕ್. 80 ವ್ಯಾಟ್ ಅಂತ ಹೇಳಿಕೊಳ್ಳುವ ಫೋನ್ ಸಾಮಾನ್ಯ ಪವರ್‌ಬ್ಯಾಂಕಿನಲ್ಲಿ ತೀರಾ ನಿಧಾನಕ್ಕೆ ಚಾರ್ಜ್ ಆಗಬಹುದು. ಆದ್ದರಿಂದ ಎರಡು ಫೋನ್ ಹೋಲಿಸುವಾಗ ಯುಎಸ್‌ಬಿ ಪಿಡಿ ಅನ್ನುವ ಎಲ್ಲರಿಗೂ ಹೊಂದುವ ಪದ್ಧತಿಯಲ್ಲಿ ಎಷ್ಟು ವ್ಯಾಟ್ ತೆಗೆದುಕೊಳ್ಳುತ್ತದೆ ಅಂತ ಕೇಳಿ. ಸಾಧ್ಯವಾದರೆ ನಿಮ್ಮ ಪವರ್‌ಬ್ಯಾಂಕನ್ನೇ ಒಯ್ದು ಅವರ ಫೋನಿಗೆ ಅರ್ಧ ಗಂಟೆ ಹಾಕಿ, ಶೇಕಡಾ ಎಷ್ಟು ಏರಿತು ನೋಡಿ. ಸ್ಯಾಮ್‌ಸಂಗ್, ಗೂಗಲ್ ಪಿಕ್ಸೆಲ್, ನಥಿಂಗ್ ಫೋನ್‌ಗಳ ಡಬ್ಬದಲ್ಲಿ ಚಾರ್ಜರ್ ಇರುವುದಿಲ್ಲ. ಬೆಲೆ ಹೋಲಿಸುವಾಗ ಅದನ್ನೂ ಸೇರಿಸಿ.

ಬ್ಯಾಟರಿ ಎಷ್ಟು ವರ್ಷ ಬಾಳುತ್ತದೆ ಅಂತ ತಿಳಿಯಲು ಒಂದು ದಾರಿ ಇದೆ. ಯುರೋಪಿನ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಮಾರುಕಟ್ಟೆಗೆ ಬರುವ ಫೋನ್‌ಗಳ ಬ್ಯಾಟರಿ 800 ಸಲ ಪೂರ್ತಿ ಚಾರ್ಜ್ ಆದ ಮೇಲೂ ಶೇಕಡಾ 80ರಷ್ಟು ಶಕ್ತಿ ಉಳಿಸಿಕೊಂಡಿರಬೇಕು ಅನ್ನುವ ನಿಯಮ ಇದೆ. ಅಲ್ಲಿನ ಲೇಬಲ್ಲಿನಲ್ಲಿ ಎಷ್ಟು ಸಲ ಚಾರ್ಜ್ ತಾಳುತ್ತದೆ, ಬಿದ್ದರೆ ಎಷ್ಟು ತಾಳುತ್ತದೆ, ರಿಪೇರಿ ಎಷ್ಟು ಸುಲಭ ಅಂತಲೂ ಬರೆದಿರುತ್ತದೆ. ಅದೇ ಮಾಡೆಲ್ ಅಲ್ಲೂ ಮಾರಾಟದಲ್ಲಿದ್ದರೆ ಹುಡುಕಿ ನೋಡಿ. ಇಲ್ಲಿ ಮಾರುವುದರ ಬ್ಯಾಟರಿ ಬೇರೆ ಅಳತೆಯದ್ದಾಗಿರಬಹುದು, ಹಾಗಾಗಿ ಅಂದಾಜಿಗೆ ಮಾತ್ರ.

ಬ್ಯಾಟರಿಗೆ ಕೆಟ್ಟದ್ದು ಬಿಸಿ. ಬಿಸಿಲಿಗೆ ನಿಲ್ಲಿಸಿದ ಜೀಪಿನೊಳಗೆ ಫೋನ್ ಬಿಡಬೇಡಿ. ಚಾರ್ಜ್ ಹಾಕಿಕೊಂಡು ಆಟ ಆಡಲು ಮಕ್ಕಳಿಗೆ ಕೊಡಬೇಡಿ. ಮೇ ತಿಂಗಳಿನ, ತುಲಾ ತಿಂಗಳಿನ ಗುಡುಗು ಮಳೆಗೆ ಚಾರ್ಜರನ್ನು ಪ್ಲಗ್ಗಿನಿಂದಲೇ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು.

ಹೆಜ್ಜೆ 6: ಕನ್ನಡ, ತುಳು, ಮಲಯಾಳ

ನಮ್ಮ ಮನೆಗಳಲ್ಲಿ ತುಳುವಿನಲ್ಲೋ ಹವ್ಯಕದಲ್ಲೋ ಮಾತು, ಕನ್ನಡದಲ್ಲಿ ಓದು, ಸರ್ಕಾರಿ ಕಾಗದ ಮಲಯಾಳದಲ್ಲಿ. ಫೋನ್ ಇದಕ್ಕೆಲ್ಲ ಒಗ್ಗಬೇಕು. 2014ರಲ್ಲಿ ಬಂದ ಆಂಡ್ರಾಯ್ಡ್ 5ರಿಂದಲೇ ಮೆನುವಿಗೆ ಕನ್ನಡ, ಮಲಯಾಳ ಎರಡೂ ಇವೆ. ಆಂಡ್ರಾಯ್ಡ್ 13ರಿಂದ ಒಂದೊಂದು ಆ್ಯಪ್‌ಗೆ ಒಂದೊಂದು ಭಾಷೆ ಇಡಬಹುದು. ಅಂದರೆ ಅಮ್ಮನ ಫೋನ್ ಪೂರ್ತಿ ಕನ್ನಡದಲ್ಲಿದ್ದು, ಬ್ಯಾಂಕಿನ ಆ್ಯಪ್ ಮಾತ್ರ ಇಂಗ್ಲಿಷಿನಲ್ಲಿರಬಹುದು. ಕೆಎಸ್‌ಇಬಿ ನೋಟೀಸಿನ ಮಲಯಾಳವನ್ನು ಗೂಗಲ್ ಲೆನ್ಸ್‌ನಲ್ಲಿ ಹಿಡಿದು ಕನ್ನಡ ಮಾಡಿಕೊಳ್ಳುವುದು ಎಲ್ಲ ಕಂಪನಿಯ ಫೋನಿನಲ್ಲೂ ಒಂದೇ. ಗೂಗಲ್ ಟ್ರಾನ್ಸ್‌ಲೇಟ್‌ಗೆ 2024ರಲ್ಲಿ ತುಳುವೂ ಸೇರಿತು. ಇದೂ ಎಲ್ಲದರಲ್ಲೂ ಒಂದೇ.

ವ್ಯತ್ಯಾಸ ಕಾಣುವುದು ಕಂಪನಿಗಳು ತಾವೇ ಮಾಡಿದ ಮೆನು ಮತ್ತು ಅಕ್ಷರಗಳಲ್ಲಿ. ಅಂಗಡಿಯಲ್ಲಿ ಇಟ್ಟ ಫೋನಿನಲ್ಲೇ ಪರೀಕ್ಷಿಸಿ. ಭಾಷೆಯನ್ನು ಕನ್ನಡ ಮಾಡಿ. ಅಕ್ಷರದ ಗಾತ್ರವನ್ನು ತುಂಬಾ ದೊಡ್ಡದಕ್ಕೆ ಎಳೆಯಿರಿ, ಮನೆಯ ಹಿರಿಯರು ಇಟ್ಟುಕೊಳ್ಳುವಷ್ಟು. ಈಗ ಸೆಟ್ಟಿಂಗ್ಸ್‌ನಲ್ಲಿ ಕೆಳಗೆ ಮೇಲೆ ಹೋಗಿ ನೋಡಿ. ಬಟನ್‌ಗಳ ಒಳಗೆ ಒತ್ತಕ್ಷರದ ಕೆಳಭಾಗ ಕತ್ತರಿಸಿ ಹೋಗುತ್ತದಾ? ಪದ ಅರ್ಧಕ್ಕೆ ನಿಂತು ಮುಂದೆ ಚುಕ್ಕಿ ಬರುತ್ತದಾ? ಅರ್ಧ ಮೆನು ಕನ್ನಡ, ಇನ್ನರ್ಧ ಇಂಗ್ಲಿಷ್ ಇದೆಯಾ? ಆಮೇಲೆ ಒಂದು ಮೆಸೇಜ್ ಬರೆಯಿರಿ. ಸ್ತ್ರೀ, ಲಕ್ಷ್ಮಿ, ರ‍್ಯಾಂಕ್ ಅಂತ ಮೂರು ಪದ ಸಾಕು. ಮೂರೂ ಒಡೆಯದೆ ಸರಿಯಾಗಿ ಬಂದರೆ ಆ ಫೋನಿನ ಕನ್ನಡ ಪರವಾಗಿಲ್ಲ ಅನ್ನಬಹುದು. ಕೊನೆಗೆ ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲಿ ಒಂದು ವಾಕ್ಯ ಮಾತಾಡಿ. ಟೈಪ್ ಮಾಡಲು ಕಷ್ಟಪಡುವ ಅಜ್ಜ ಅಜ್ಜಿಯರಿಗೆ ಇದರಷ್ಟು ಉಪಕಾರ ಬೇರೆ ಇಲ್ಲ.

ಹೆಜ್ಜೆ 7: ಮಳೆ, ಬಿಸಿಲು, ಕೆಲಸ ಮಾಡುವ ಕೈ

ಐಪಿ64 ಅಂದರೆ ನೀರು ಎರಚಿದರೆ ತಡೆಯುತ್ತದೆ. ಐಪಿ67 ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ. ಐಪಿ68 ಅದಕ್ಕಿಂತ ಮೇಲೆ. ಇದೆಲ್ಲ ಹೊಸ ಫೋನಿಗೆ, ಶುದ್ಧ ನೀರಿನಲ್ಲಿ ಮಾಡಿದ ಪರೀಕ್ಷೆ. ನೀರು ನುಗ್ಗಿ ಹಾಳಾದರೆ ವಾರಂಟಿ ಸಾಮಾನ್ಯವಾಗಿ ಸಿಗುವುದಿಲ್ಲ, ಐಪಿ68 ಇದ್ದರೂ. ಮಳೆಗಾಲದಲ್ಲಿ ತೋಟಕ್ಕೆ ಹೋಗುವವರು ಐಪಿ ಅಂಕೆ ಜಾಸ್ತಿ ಇರುವುದನ್ನೇ ಆರಿಸಿ, ಆದರೂ ಪ್ಲಾಸ್ಟಿಕ್ ಚೀಲ ಬಿಡಬೇಡಿ. ಚಾರ್ಜ್ ತೂತಿನಲ್ಲಿ ತೇವ ಇದೆ ಅಂತ ಫೋನ್ ಹೇಳಿದರೆ ಒಣಗುವವರೆಗೆ ಚಾರ್ಜ್ ಹಾಕಬೇಡಿ. ಅಕ್ಕಿ ಡಬ್ಬದಲ್ಲಿ ಹುಗಿಯುವುದೂ ಬೇಡ, ಧೂಳು ಒಳಗೆ ಹೋಗುತ್ತದೆ. ಫ್ಯಾನಿನ ಕೆಳಗೆ ಇಟ್ಟರೆ ಸಾಕು.

ಡಿಸ್‌ಪ್ಲೇ ಬೆಳಕಿಗೆ ನಿಟ್ಸ್ ಅಂತ ಸಾವಿರಗಟ್ಟಲೆ ಅಂಕಿ ಹೇಳುತ್ತಾರೆ. ಅದರಲ್ಲಿ ಬಹಳಷ್ಟು ಸಲ ಪರದೆಯ ಸಣ್ಣ ಭಾಗಕ್ಕೆ, ಸ್ವಲ್ಪ ಹೊತ್ತು ಮಾತ್ರ ಬರುವ ಬೆಳಕಿನ ಲೆಕ್ಕ ಇರುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ಫೋನನ್ನು ಅಂಗಡಿಯ ಹೊರಗೆ ಹಿಡಿದು ಮೆಸೇಜ್ ಓದಲು ಬರುತ್ತದಾ ನೋಡಿದರೆ ಮುಗಿಯಿತು.

ಬೆರಳಚ್ಚು ಸೆನ್ಸರನ್ನು ಫೋನ್ ಬಳಸುವವರೇ ಪರೀಕ್ಷಿಸಬೇಕು. ಅಡಿಕೆ ಚೊಗರು ಹಿಡಿದ ಕೈ, ರಬ್ಬರ್ ಹಾಲು ಅಂಟಿದ ಕೈ, ಗೆರೆ ಸವೆದ ಬೆರಳು ಸೆನ್ಸರಿಗೆ ಕಷ್ಟ. ಪರದೆಯೊಳಗಿನದ್ದು, ಬದಿಯ ಪವರ್ ಬಟನ್‌ನಲ್ಲಿರುವುದು, ಎರಡನ್ನೂ ಅಪ್ಪನ ಹೆಬ್ಬೆರಳಿನಲ್ಲೇ ನೋಡಿ. ಮನೆಗೆ ತಂದ ಮೇಲೆ ಒಂದೇ ಬೆರಳನ್ನು ಎರಡು ಸಲ ಸೇರಿಸಿ, ಒಮ್ಮೆ ತೊಳೆದ ಕೈಯಲ್ಲಿ, ಒಮ್ಮೆ ಕೆಲಸದ ನಡುವೆ. ತುಂಬಾ ವ್ಯತ್ಯಾಸ ಕಾಣುತ್ತದೆ.

ಹೆಜ್ಜೆ 8: ಕ್ಯಾಮೆರಾ

ಮೆಗಾಪಿಕ್ಸೆಲ್ ಬಿಡಿ. ಬಳಸಿದವರ ಗ್ಯಾಲರಿಯಲ್ಲಿ ರಾತ್ರಿಯ ಒಂದು ಬಯಲಾಟದ ವಿಡಿಯೋ ಇದ್ದೇ ಇರುತ್ತದೆ, ಅದನ್ನು ತೋರಿಸಲು ಹೇಳಿ. ರಂಗಸ್ಥಳದ ದೀಪಕ್ಕೆ ವೇಷದ ಮುಖವರ್ಣಿಕೆ ಬಿಳಿಚಿಕೊಂಡಿದೆಯಾ, ಬಣ್ಣ ಕಾಣುತ್ತದಾ? ಚೆಂಡೆ ಏರಿದಾಗ ಧ್ವನಿ ಒಡೆದು ಭಾಗವತರ ಪದ ಮುಚ್ಚಿಹೋಗುತ್ತದಾ? ದೂರದಿಂದ ಜೂಮ್ ಮಾಡಿದಾಗ ಚಿತ್ರ ನಡುಗುತ್ತದಾ? ಓಐಎಸ್ ಅಂತ ಇರುವ ಕ್ಯಾಮೆರಾದಲ್ಲಿ ನಡುಕ ಕಡಿಮೆ. ಬೆಳಕು, ಶಬ್ದ, ಚಲನೆ ಮೂರೂ ಕಠಿಣವಾಗಿರುವ ಇಂಥ ಪರೀಕ್ಷೆ ಯಾವ ಸ್ಟುಡಿಯೋದಲ್ಲೂ ಸಿಗದು.

ಹೆಜ್ಜೆ 9: ಅಪ್‌ಡೇಟಿನ ಲೆಕ್ಕ, ಬೆಲೆಯ ಲೆಕ್ಕ

ಇಲ್ಲಿ ಕಂಪನಿಗಳ ನಡುವೆ ದೊಡ್ಡ ಅಂತರ ಇದೆ. 2023ರ ಪಿಕ್ಸೆಲ್ 8ರಿಂದ ಗೂಗಲ್ ಏಳು ವರ್ಷದ ಅಪ್‌ಡೇಟ್ ಮಾತು ಕೊಟ್ಟಿದೆ. 2024ರ ಗ್ಯಾಲಕ್ಸಿ ಎಸ್24ರಿಂದ ಸ್ಯಾಮ್‌ಸಂಗ್ ಕೂಡ ಏಳು ವರ್ಷ. ಕಡಿಮೆ ಬೆಲೆಯ ಗ್ಯಾಲಕ್ಸಿ ಎ16ಕ್ಕೆ ಆರು ವರ್ಷ. ಇದಕ್ಕೆ ಎದುರಾಗಿ 2023ರ ಮೋಟೊ ಜಿ54 5ಜಿಗೆ ಹೇಳಿದ್ದು ಆಂಡ್ರಾಯ್ಡಿನ ಒಂದು ದೊಡ್ಡ ಅಪ್‌ಡೇಟ್, ಮೂರು ವರ್ಷದ ಭದ್ರತಾ ಅಪ್‌ಡೇಟ್.

ಈ ವರ್ಷಗಳ ಎಣಿಕೆ ಶುರುವಾಗುವುದು ಫೋನ್ ಮಾರುಕಟ್ಟೆಗೆ ಬಂದ ದಿನದಿಂದ, ನೀವು ತೆಗೆದ ದಿನದಿಂದ ಅಲ್ಲ. ಆಫರಿನಲ್ಲಿ ಎರಡು ವರ್ಷ ಹಳೆಯ ಮಾಡೆಲ್ ತೆಗೆದರೆ ಎರಡು ವರ್ಷ ಕಳೆದೇ ಲೆಕ್ಕ ಹಾಕಿ. ವಾಟ್ಸಾಪ್ ಹಳೆಯ ಆಂಡ್ರಾಯ್ಡಿನಲ್ಲೂ ಓಡುತ್ತದೆ, ಹಾಗಾಗಿ ಅಪ್‌ಡೇಟ್ ಯಾಕೆ ಅಂತ ಕೇಳುವವರಿದ್ದಾರೆ. ಭದ್ರತಾ ಅಪ್‌ಡೇಟ್ ನಿಂತ ಫೋನಿನಲ್ಲಿ ಬ್ಯಾಂಕಿನ ಹಣ ಇಟ್ಟುಕೊಂಡು ಓಡಾಡುವುದು ಒಳ್ಳೆಯದಲ್ಲ. ಕಾರಣ ಅದೇ.

ಒಂದು ಸಣ್ಣ ಲೆಕ್ಕ ಮಾಡಿ. ಬೆಲೆಗೆ ನಡುವೆ ಒಮ್ಮೆ ಬ್ಯಾಟರಿ ಬದಲಿಸುವ ಖರ್ಚು ಕೂಡಿಸಿ. ಅದನ್ನು ಉಳಿದಿರುವ ಅಪ್‌ಡೇಟ್ ವರ್ಷಗಳಿಂದ ಭಾಗಿಸಿ. 12,000 ರೂಪಾಯಿಯ ಫೋನಿಗೆ ಎರಡೇ ವರ್ಷ ಉಳಿದಿದ್ದರೆ, ಬ್ಯಾಟರಿ ಬದಲಿಸುವ ಖರ್ಚು ಬಿಟ್ಟರೂ, ವರ್ಷಕ್ಕೆ 6,000. 18,000 ರೂಪಾಯಿಯದ್ದಕ್ಕೆ ಬ್ಯಾಟರಿಗೆ 2,000 ಅಂತ ಇಟ್ಟು ಐದು ವರ್ಷ ಅಂದರೆ ವರ್ಷಕ್ಕೆ 4,000. ಅಗ್ಗ ಯಾವುದು ಅಂತ ಆಗ ಗೊತ್ತಾಗುತ್ತದೆ.

ಹೆಜ್ಜೆ 10: ರಿಪೇರಿ ಎಲ್ಲಿ, ಎಷ್ಟಕ್ಕೆ

ಫೋನ್ ತೆಗೆಯುವ ಮೊದಲೇ ಆ ಕಂಪನಿಯ ಅಧಿಕೃತ ಸರ್ವೀಸ್ ಸೆಂಟರ್ ನಿಮಗೆ ಹತ್ತಿರ ಎಲ್ಲಿದೆ ನೋಡಿ. ಕಾಸರಗೋಡು ಪೇಟೆಯಲ್ಲಾ, ಕಾಞಂಗಾಡಿನಲ್ಲಾ, ಮಂಗಳೂರಿಗೇ ಹೋಗಬೇಕಾ? ಮಂಗಳೂರು ಅಂದರೆ ಕೊಡಲು ಒಂದು ದಿನ, ತರಲು ಒಂದು ದಿನ. ಅಲ್ಲಿಗೆ ಫೋನ್ ಮಾಡಿ ಎರಡೇ ಎರಡು ರೇಟ್ ಕೇಳಿ: ಡಿಸ್‌ಪ್ಲೇಗೆ ಎಷ್ಟು, ಬ್ಯಾಟರಿಗೆ ಎಷ್ಟು. ಶಿಯೋಮಿ, ವಿವೋ, ರಿಯಲ್‌ಮಿ ಮುಂತಾದವರು ವೆಬ್‌ಸೈಟಿನಲ್ಲೇ ಬಿಡಿಭಾಗಗಳ ಬೆಲೆ ಹಾಕುತ್ತಾರೆ. ಬಾಗಿದ ಅಂಚಿನ ಅಮೊಲೆಡ್ ಡಿಸ್‌ಪ್ಲೇ ಒಡೆದರೆ ಖರ್ಚು ಜಾಸ್ತಿ. ಎರಡು ಫೋನ್ ಸಮ ಅನ್ನಿಸಿದರೆ ನಾನು ಡಿಸ್‌ಪ್ಲೇ ಅಗ್ಗ ಇರುವುದನ್ನೇ ಆರಿಸುತ್ತೇನೆ.

ವಾರಂಟಿಯಲ್ಲಿ ತಕರಾರು ಬಂದರೆ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ಫೋನ್ ಮಂಗಳೂರಿನಲ್ಲಿ ತೆಗೆದಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ, ಅಂದರೆ ಕಾಸರಗೋಡಿನ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಐದು ಲಕ್ಷದವರೆಗಿನ ವಸ್ತುವಿಗೆ ದೂರಿನ ಶುಲ್ಕ ಇಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಜನ ಸುಮ್ನೆ ಕೈಬಿಡುತ್ತಾರೆ.

ಗಲ್ಫಿನಿಂದ ಬಂದ ಫೋನ್

ನಮ್ಮ ಕಡೆ ಇದನ್ನು ಬೇರೆಯಾಗಿಯೇ ಹೇಳಬೇಕು. ಅಣ್ಣ ದುಬೈಯಿಂದ ತರುತ್ತಾನೆ ಅಂದರೆ ಒಳ್ಳೆಯದೇ. ಆದರೆ ತೆಗೆಯುವ ಮೊದಲೇ ಅವನಿಗೆ ನಾಲ್ಕು ವಿಷಯ ಹೇಳಿ. ಭಾರತದಲ್ಲಿ ವಾರಂಟಿ ಸಿಗುತ್ತದಾ ಅಂತ ಬರವಣಿಗೆಯಲ್ಲಿ ನೋಡಬೇಕು, ಹೆಚ್ಚಿನ ಕಂಪನಿಗಳ ಆಂಡ್ರಾಯ್ಡ್ ಫೋನ್‌ಗಳಿಗೆ ತೆಗೆದ ದೇಶದಲ್ಲೇ ವಾರಂಟಿ. ಮಾಡೆಲ್ ಹೆಸರು ಒಂದೇ ಇದ್ದರೂ ಮಾಡೆಲ್ ನಂಬರ್ ಬೇರೆ ಇದ್ದರೆ ಬ್ಯಾಂಡ್ ಪಟ್ಟಿಯೂ ಬೇರೆ ಇರಬಹುದು. ನಮ್ಮ ಸಿಮ್‌ಗೆ ವೋಲ್ಟಿ, ಅಂದರೆ 4ಜಿ ಮೂಲಕ ಹೋಗುವ ಕಾಲ್, ಕೆಲಸ ಮಾಡಬೇಕು, ಜಿಯೋಗೆ 2ಜಿ, 3ಜಿ ಇಲ್ಲವಾದ್ದರಿಂದ ವೋಲ್ಟಿ ಇಲ್ಲದೆ ಮಾಮೂಲಿ ಕಾಲೇ ಹೋಗದು. ಚಾರ್ಜರಿನ ಪಿನ್ ಅಲ್ಲಿಯ ಚಪ್ಪಟೆ ಮೂರು ಕಾಲಿನದ್ದು, ಇಲ್ಲಿಯ ಪ್ಲಗ್ಗಿಗೆ ಕೂರುವುದಿಲ್ಲ. ಹೊಸ ಚಾರ್ಜರಿನ ಬೆಲೆಯನ್ನೂ ಕೂಡಿಸಿ ನೋಡಿದ ಮೇಲೆ ಉಳಿತಾಯ ಇದ್ದರೆ ತರಿಸಿ.

ತೆಗೆಯುವ ದಿನ

ಡಬ್ಬ ಎದುರಿಗೇ ಒಡೆಸಿ. *#06# ಒತ್ತಿದರೆ ಬರುವ 15 ಅಂಕಿಯ ಐಎಂಇಐ, ಡಬ್ಬದ ಮೇಲಿನದ್ದು, ಬಿಲ್ಲಿನಲ್ಲಿ ಬರೆದದ್ದು ಮೂರೂ ಒಂದೇ ಇರಬೇಕು. ಹಳೆಯ ಫೋನ್ ತೆಗೆಯುವುದಾದರೆ ಕೆವೈಎಂ ಅನ್ನುವ ಮೂರು ಇಂಗ್ಲಿಷ್ ಅಕ್ಷರ, ಒಂದು ಜಾಗ ಬಿಟ್ಟು ಐಎಂಇಐ ಬರೆದು 14422ಕ್ಕೆ ಎಸ್ಸೆಮ್ಮೆಸ್ ಮಾಡಿ. ಕದ್ದದ್ದೆಂದು ತಡೆಹಿಡಿದ ಫೋನ್ ಆಗಿದ್ದರೆ ಅದರಲ್ಲಿ ಗೊತ್ತಾಗುತ್ತದೆ. ಮಾರುವವರ ಗೂಗಲ್ ಖಾತೆ ಫೋನಿನಲ್ಲಿ ಉಳಿದಿರಬಾರದು. ಉಳಿದಿದ್ದರೆ ರಿಸೆಟ್ ಆದ ಮೇಲೆ ಅವರ ಪಾಸ್‌ವರ್ಡ್ ಕೇಳುತ್ತದೆ, ಫೋನ್ ತೆರೆಯುವುದೇ ಇಲ್ಲ.

ಮೊದಲ ವಾರವೇ ಮೂರನೇ ಹೆಜ್ಜೆಯ ರೇಂಜ್ ಪರೀಕ್ಷೆಯನ್ನು ನಿಮ್ಮ ಹೊಸ ಫೋನಿನಲ್ಲಿ ಎರಡೂ ಸಿಮ್ ಹಾಕಿ ಮಾಡಿ. ಎರಡೂ ಕ್ಯಾಮೆರಾ, ಸ್ಪೀಕರ್, ಮೈಕ್, ಬ್ಲೂಟೂತ್, ಚಾರ್ಜಿಂಗ್ ನೋಡಿ. ಬದಲಿಸಿ ಕೊಡುವ ಅವಧಿ ಹೆಚ್ಚಾಗಿ ತೀರಾ ಕಡಿಮೆ ಇರುತ್ತದೆ, ತಪ್ಪಿದರೆ ಆಮೇಲೆ ರಿಪೇರಿ ಮಾತ್ರ. ಬಿಲ್ಲಿನ ಫೋಟೋ ತೆಗೆದು ನಿಮಗೇ ಇಮೇಲ್ ಮಾಡಿಟ್ಟುಕೊಳ್ಳಿ. ಅಂಗಡಿಯ ಬಿಲ್ಲಿನ ಶಾಯಿ ನಮ್ಮ ಹವೆಗೆ ಬೇಗ ಮಾಸಿಹೋಗುತ್ತದೆ. ಹಳೆಯ ಫೋನನ್ನು ಕೂಡಲೇ ಎಕ್ಸ್‌ಚೇಂಜಿಗೆ ಕೊಡಬೇಡಿ. ಬ್ಯಾಂಕಿನ ಆ್ಯಪ್, ಯುಪಿಐ, ವಾಟ್ಸಾಪ್ ಮೂರೂ ಹೊಸದರಲ್ಲಿ ಸರಿಯಾಗಿ ನಡೆಯುತ್ತವೆ ಅಂತ ಖಾತ್ರಿಯಾದ ಮೇಲೆ ಗೂಗಲ್ ಖಾತೆ ತೆಗೆದು, ಫ್ಯಾಕ್ಟರಿ ರಿಸೆಟ್ ಮಾಡಿ, ಸಿಮ್ ಟ್ರೇ ಖಾಲಿ ಇದೆಯಾ ಅಂತ ಇನ್ನೊಮ್ಮೆ ಎಳೆದು ನೋಡಿ, ಆಮೇಲೆ ಕೊಡಿ.